ಮಂತ್ರಿಗಳಿಗಾಗಿ ತೊಳೆದ ರಸ್ತೆ

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ, ರೈಲ್ವೆ ಗೇಟಿಗೆ ಕೂಗಳತೆಯ ದೂರದಲ್ಲಿ ಪಾಲಪ್ಪನ ಲಾಂಡ್ರಿ. ಬಣ್ಣದ ಬಟ್ಟೆಯನ್ನು ಯಾರಾದರೂ ಒಗೆಯಬಲ್ಲರು, ಬಿಳಿಯದನ್ನು ಬಿಳಿಯಾಗಿಯೇ ಹಿಂದಿರುಗಿಸುವುದು ಮಾತ್ರ ವಿದ್ಯೆ ಎಂಬುದು ಅವನ ನಲವತ್ತು ವರ್ಷಗಳ ನಂಬಿಕೆ. ಆದರೆ ದೂರದ ಚೀನಾಕ್ಕೆ ನಮ್ಮ ಗುಡ್ಡಗಳ ಮೇಲೆ ಹಸಿವು ಹುಟ್ಟಿದ ಮೇಲೆ ಆ ವಿದ್ಯೆ ಕೈಕೊಡತೊಡಗಿತ್ತು. ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಾಗಿ ಹಗಲೆಲ್ಲ ಲಾರಿಗಳಲ್ಲಿ ಕುಳಿತು ಅವನ ಅಂಗಳದ ಮುಂದೆಯೇ ಬಂದರಿನತ್ತ ಹೊರಡುತ್ತಿದ್ದವು. ಹುಟ್ಟೂರು ಬಿಟ್ಟು ಹೊರಟವರು ಹಿಂದಿರುಗಿ ನೋಡುವಂತೆ, ಒಂದಿಷ್ಟು ಕೆಂಪನ್ನು ಅವನ ತಂತಿಗಳ ಮೇಲೆ ಬಿಟ್ಟುಹೋಗುತ್ತಿದ್ದವು.

ಅದಕ್ಕೆ ಗಂಡ ಹೆಂಡತಿ ಒಂದು ಉಪಾಯ ಕಂಡುಕೊಂಡಿದ್ದರು: ಗೇಟು ಬಿದ್ದಾಗ ಮಾತ್ರ ಬಟ್ಟೆ ಹರವುವುದು. ಗೂಡ್ಸ್ ಗಾಡಿಗಾಗಿ ಗೇಟು ಬಿದ್ದರೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ, ಧೂಳು ಕೆಳಗಿಳಿಯುತ್ತದೆ, ಇಪ್ಪತ್ತು ನಿಮಿಷ ಆಕಾಶವು ಆಕಾಶದ ಬಣ್ಣದಲ್ಲಿರುತ್ತದೆ. ಗೇಟಿನ ಗಂಟೆ ಕೇಳಿದೊಡನೆ ಎರ್ರೆಮ್ಮ ಬುಟ್ಟಿ ಹೊತ್ತು ಹೊರಗೋಡುವಳು; ಗೇಟು ಎದ್ದೊಡನೆ ಪಾಲಪ್ಪ ಎಲ್ಲವನ್ನೂ ಬಾಚಿಕೊಂಡು ಒಳಗೋಡುವನು. ಒಂದು ಅಂಗಿ ಒಣಗಲು ನಾಲ್ಕು ಗಾಡಿ ಬೇಕು, ಧೋತರಕ್ಕೆ ಆರು. ಗಿರಾಕಿಗಳು ಬಂದು ಕೇಳಿದರೆ ಎರ್ರೆಮ್ಮ ಗಂಟೆಯ ಲೆಕ್ಕ ಹೇಳುತ್ತಿರಲಿಲ್ಲ. "ಇನ್ನೆರಡು ಗಾಡಿ ಹೋಗ್ಲಿ, ಆಮ್ಯಾಲ ಬರ್ರಿ" ಎನ್ನುತ್ತಿದ್ದಳು.

ಆ ವರ್ಷ ಲಾರಿಗಳು ಇಮ್ಮಡಿಯಾದವು. ಗೇಟು ಬಿದ್ದರೂ ಧೂಳು ಇಳಿದು ಮುಗಿಯುವ ಮೊದಲೇ ಗೇಟು ಮತ್ತೆ ಏಳುತ್ತಿತ್ತು. ಗಿರಾಕಿಗಳಲ್ಲಿ ಮೊದಲು ಸಿಡಿದವನು ತಿಪ್ಪೇಶ್. ಪಕ್ಷ ಯಾವುದಾದರೂ ಬಿಳಿ ಅಂಗಿಯನ್ನು ಬದಲಿಸದ ಪುಢಾರಿ.

"ಏನ್ ಪಾಲಪ್ಪಣ್ಣ ಇದು! ಬೆಂಗಳೂರಾಗ ಮೀಟಿಂಗಿಗೆ ಹೋದ್ರ, ಯಾವಾಗ ಕಮ್ಯುನಿಸ್ಟ್ ಆದಿ ಅಂತ ಕೇಳ್ತಾರ. ಹೈಕಮಾಂಡಿಗೆ ಏನಂತ ಹೇಳ್ಲಿ?"

"ಇನ್ನೂ ಸೇರಿಲ್ಲ, ಮಾತುಕತಿ ನಡದೈತಿ ಅನ್ನು. ರೇಟ್ ಏರ್ತೈತಿ" ಎಂದಳು ಎರ್ರೆಮ್ಮ.

ತಿಪ್ಪೇಶ್ ನಕ್ಕು ಹೋದ. ಎರ್ರೆಮ್ಮ ನಗಲಿಲ್ಲ. ಅಟ್ಟದಿಂದ ಟ್ರಂಕನ್ನು ಇಳಿಸಿ ನಡುಮನೆಯಲ್ಲಿಟ್ಟಳು. "ಕಂಪ್ಲಿಗೆ ಹೋಗಾಣ. ನಮ್ಮಣ್ಣನ ಮನಿ ಹಿಂದ ಹೊಳಿ ಐತಿ, ಭತ್ತದ ಗದ್ದಿ ಐತಿ, ಕೆಂಪು ಅಂದ್ರ ಕುಂಕುಮ ಬಿಟ್ರ ಏನೂ ಇಲ್ಲ. ದೀಪಾವಳಿ ತನಕ ನೋಡ್ತೀನಿ. ಬಿಳೇ ಬಟ್ಟಿ ಬಿಳೇ ಆದ್ರ ಸರಿ, ಇಲ್ಲಂದ್ರ ನಾ ಹೊಂಟೆ. ನೀ ಬೇಕಾದ್ರ ಗೇಟ್ ಕಾಯ್ಕಂತ ಕುಂದ್ರು."

ಪಾಲಪ್ಪ ಟ್ರಂಕನ್ನು ನೋಡಿದ, ಅಂಗಳವನ್ನು ನೋಡಿದ. ಈ ಅಂಗಳದ ಬೇವಿನ ಮರ ಅವನು ನೆಟ್ಟದ್ದು, ಈ ಕಲ್ಲು ಅವನ ತಂದೆ ಒಗೆದು ಸವೆಸಿದ್ದು. ಹೋಗುವುದೆಂದರೆ ಎಲ್ಲಿಗೆ?

ಅವನೇನು ಸುಮ್ಮನೆ ಕುಳಿತವನಲ್ಲ. ಎರಡು ವರ್ಷದ ಹಿಂದೆಯೇ ದಿಲ್ಲಿಗೆ ದೂರು ಬರೆದಿದ್ದ: ಲಾರಿಗಳಿಗೆ ತಾಡಪಾಲು ಹೊದಿಸಿ, ರಸ್ತೆಗೆ ದಿನಕ್ಕೊಮ್ಮೆ ನೀರು ಹೊಡೆಸಿ ಎಂದು. ಆ ಕಾಗದ ದಿಲ್ಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಬಳ್ಳಾರಿಗೆ, ಬಳ್ಳಾರಿಯಿಂದ ಹೊಸಪೇಟೆಗೆ 'ಅಗತ್ಯ ಕ್ರಮಕ್ಕಾಗಿ' ಎಂಬ ಮುದ್ರೆಗಳನ್ನು ಒತ್ತಿಸಿಕೊಳ್ಳುತ್ತ ಬಂದು, ಕೊನೆಗೆ ಕಚೇರಿಯ ಗುಮಾಸ್ತ ಹಾಲೇಶನ ಕೈ ಸೇರಿತ್ತು. ಅವನು ತನ್ನ ಅಂಗಿ ಒಯ್ಯಲು ಬಂದಾಗ ಅದನ್ನೂ ತಂದಿದ್ದ. "ಪಾಲಪ್ಪಣ್ಣ, ನಿಮ್ಮ ಮ್ಯಾಲ ಒಂದು ದೂರು ಐತ್ರಿ. ದೂರು ಕೊಟ್ಟವ್ರು ನೀವ. ವಿಚಾರಣೆ ಮಾಡೀನಿ ಅಂತ ಇಲ್ಲೊಂದು ಸೈನ್ ಹಾಕ್ರಿ, ಫೈಲ್ ಮುಗಸ್ತೀನಿ." ಪಾಲಪ್ಪ ಸಹಿ ಹಾಕಿದ್ದ. ದೇಶದ ಒಂದು ಸಮಸ್ಯೆ ಹಾಗೆ ಬಗೆಹರಿದಿತ್ತು.

ಶ್ರಾವಣದಲ್ಲಿ ಒಂದು ಬೆಳಗ್ಗೆ ಎದ್ದು ನೋಡಿದರೆ ರಸ್ತೆ ಕನ್ನಡಿಯಂತೆ ಹೊಳೆಯುತ್ತಿತ್ತು. ಮೂರು ಟ್ಯಾಂಕರುಗಳು ನೀರು ಹೊಡೆದು ಹೋಗಿದ್ದವು. ಲಾರಿಗಳಿಲ್ಲ. ಹಾಲೇಶ್ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಓಡಾಡುತ್ತಿದ್ದ. ಹಂಪಿ ನೋಡಿದ ಕೇಂದ್ರದ ಮಂತ್ರಿಗಳೊಬ್ಬರು ಅದೇ ದಾರಿಯಲ್ಲಿ ಸಂಡೂರಿಗೆ ಹೋಗುವವರಿದ್ದರು. ಹತ್ತು ಗಂಟೆಯ ಹೊತ್ತಿಗೆ ಇಪ್ಪತ್ತು ಕಾರುಗಳು ಗಾಜು ಏರಿಸಿಕೊಂಡು ಹಾದುಹೋದವು. ಮಂತ್ರಿಗಳು ಯಾವ ಕಾರಿನಲ್ಲಿದ್ದರೋ ಯಾರಿಗೂ ತಿಳಿಯಲಿಲ್ಲ.

ಎರ್ರೆಮ್ಮ ಮಾತ್ರ ಅದನ್ನು ನೋಡಲೇ ಇಲ್ಲ. ಅವಳು ಬಟ್ಟೆ ಹರವುತ್ತಿದ್ದಳು. ಗಂಟೆಯಿಲ್ಲ, ಓಟವಿಲ್ಲ, ಬೆಳಗ್ಗೆ ಹಾಕಿದ್ದು ಮಧ್ಯಾಹ್ನದವರೆಗೆ ತಂತಿಯ ಮೇಲೆಯೇ ಇತ್ತು. ಅರವತ್ತು ಅಂಗಿಗಳು ಕೊಕ್ಕರೆಗಳ ಹಾಗೆ ಗಾಳಿಗೆ ರೆಕ್ಕೆ ಬಿಚ್ಚಿದ್ದವು. ಪಾಲಪ್ಪ ಒಂದು ಅಂಗಿಯ ಕಾಲರನ್ನು ಬೆರಳಿನಿಂದ ಉಜ್ಜಿ ನೋಡಿದ. ಬೆರಳು ಬೆರಳಿನ ಬಣ್ಣದಲ್ಲೇ ಉಳಿಯಿತು. ಎಷ್ಟೋ ವರ್ಷಗಳ ಹಿಂದೆ ಊರುಬಿಟ್ಟ ಗೆಳೆಯನೊಬ್ಬ ಬಾಗಿಲಲ್ಲಿ ಬಂದು ನಿಂತಂತಾಯಿತು ಅವನಿಗೆ.

ಮರುದಿನ ಲಾರಿಗಳು ಬಂದವು, ಕೆಂಪೂ ಬಂತು.

"ದಿನಾ ಒಬ್ಬ ಮಂತ್ರಿ ಹಾದು ಹೋದ್ರ ನಾ ಯಾಕ ಕಂಪ್ಲಿಗೆ ಹೋಗ್ತಿದ್ದೆ" ಎಂದಳು ಎರ್ರೆಮ್ಮ, ಟ್ರಂಕಿನ ಬೀಗಕ್ಕೆ ಎಣ್ಣೆ ಬಿಡುತ್ತ.

ಪಾಲಪ್ಪ ಇಸ್ತ್ರಿಯನ್ನು ಕೆಳಗಿಟ್ಟ. "ಲೇ, ಇನ್ನೊಮ್ಮಿ ಹೇಳು."

"ಏನು? ಮಂತ್ರಿ ಹಾದು ಹೋದ್ರ ಅಂದೆ."

"ಹೋಗಾದು ಬ್ಯಾಡ. ಬರ್ತಾನ ಅಂದ್ರ ಸಾಕು."

ಟ್ರಂಕಿನ ಮೇಲೆಯೇ ಹಾಳೆಯಿಟ್ಟು ಅದೇ ಮಂತ್ರಿಗಳಿಗೆ ಬರೆದ. ಈ ಸಲ ದೂರಿನ ಒಂದು ಅಕ್ಷರವೂ ಇರಲಿಲ್ಲ. 'ನಮ್ಮ ಲಾಂಡ್ರಿಗೆ ನಲವತ್ತು ವರ್ಷ ತುಂಬಿದೆ. ತಾವು ದಯಮಾಡಿಸಿ, ಒಂದು ಅಂಗಿಯನ್ನು ತಂತಿಗೆ ಹಾಕಿ ಸಮಾರಂಭವನ್ನು ಉದ್ಘಾಟಿಸಬೇಕಾಗಿ ವಿನಂತಿ.' ತಿಪ್ಪೇಶ್ ಓದಿ ಪುಳಕಗೊಂಡ. ಅಧ್ಯಕ್ಷತೆ ತನ್ನದೇ ಎಂದು ಸೇರಿಸಿ, ತನ್ನ ಲೆಟರ್‌ಹೆಡ್ಡಿನಲ್ಲಿ ಟೈಪು ಮಾಡಿಸಿ, ತಾನೇ ಅಂಚೆಗೆ ಹಾಕಿದ.

ದೂರಿಗೆ ಎರಡು ವರ್ಷ ಬೇಕಾಗಿತ್ತು. ಆಹ್ವಾನಕ್ಕೆ ಇಪ್ಪತ್ತೆರಡು ದಿನ ಸಾಕಾಯಿತು. 'ಮಾನ್ಯ ಸಚಿವರು ತಮ್ಮ ಆಹ್ವಾನವನ್ನು ಗಮನಿಸಿದ್ದಾರೆ. ದಿನಾಂಕವನ್ನು ನಂತರ ತಿಳಿಸಲಾಗುವುದು.' ಅದರ ಪ್ರತಿ ಬಳ್ಳಾರಿಗೆ, 'ಅಗತ್ಯ ಕ್ರಮಕ್ಕಾಗಿ'. ಅದೇ ಮುದ್ರೆ, ಅದೇ ಶಾಯಿ. ಆದರೆ ಮರುದಿನ ಬೆಳಗ್ಗೆ ಆರಕ್ಕೆ ಟ್ಯಾಂಕರ್ ಬಂತು. ಹತ್ತೂವರೆಯವರೆಗೆ ಲಾರಿಗಳನ್ನು ಆಚೆ ತಡೆದರು. ಅದರ ಮರುದಿನವೂ, ಅದರಾಚೆಯ ದಿನವೂ.

ಹಾಲೇಶ್ ಬಂದು ಬೇವಿನ ಬುಡದಲ್ಲಿ ಕುಸಿದು ಕುಳಿತ. "ಯಾವತ್ತು ಬರ್ತಾರಂತರೀ ಪಾಲಪ್ಪಣ್ಣ?"

"ನನಗೇನ್ ಗೊತ್ತಪ್ಪ? ನಿಮ್ಮ ಸಾಹೇಬ್ರು ದಿಲ್ಲಿಗೆ ಒಂದು ಫೋನ್ ಮಾಡಿ ಕೇಳಬಹುದಲ್ಲ."

"ಏ, ಯಾರು ಕೇಳ್ಬೇಕ್ರಿ! ಕೇಳಿದ್ರ ಇಲ್ಲಿ ತಯಾರಿ ಆಗಿಲ್ಲ ಅಂದಂಗ ಆತು. ನಾಳೆ ಬರಬಹುದು ಅಂತ ದಿನಾ ನೀರು ಹೊಡಿಸ್ರಿ ಅಂದಾರ."

"ಹಂಗಾದ್ರ ಹೊಡೀರಿ" ಎಂದ ಪಾಲಪ್ಪ ಗಂಭೀರವಾಗಿ. "ದೇಶದ ಮರ್ಯಾದಿ ಪ್ರಶ್ನೆ."

ಒಳಗೆ ಎರ್ರೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ದೀಪಾವಳಿಗೆ ಅವಳಣ್ಣ ಸಾಮಾನು ಒಯ್ಯಲು ಕಂಪ್ಲಿಯಿಂದ ಟೆಂಪೋ ತಂದ. ತಂತಿಯ ಮೇಲೆ ಊರಿನ ಹಬ್ಬದ ಬಿಳುಪೆಲ್ಲ ತೂಗಾಡುತ್ತಿತ್ತು. ಎರ್ರೆಮ್ಮ ಅವನಿಗೆ ಹೋಳಿಗೆ ಬಡಿಸಿದಳು. ಹೋಗುವಾಗ ಅವನದೇ ಒಂದು ಧೋತರವನ್ನು ಒಗೆದು ಕೊಟ್ಟಳು. ಟೆಂಪೋ ಖಾಲಿಯಾಗಿಯೇ ಹಿಂದಿರುಗಿತು.

ಸಂಕ್ರಾಂತಿ ಕಳೆದ ಮೇಲೊಂದು ಬೆಳಗ್ಗೆ ಟ್ಯಾಂಕರ್ ಬರಲಿಲ್ಲ. ಏಳು ಗಂಟೆಗೇ ಲಾರಿಗಳು ಗುಡುಗುತ್ತ ಬಂದವು. ಪಾಲಪ್ಪ ಬಟ್ಟೆ ಬಾಚಿಕೊಂಡು ಒಳಗೋಡಿ ಪೇಪರ್ ಬಿಡಿಸಿದ: ದಿಲ್ಲಿಯಲ್ಲಿ ಸಂಪುಟ ಪುನಾರಚನೆ, ಅವರ ಮಂತ್ರಿಗಳ ಖಾತೆ ಬೇರೊಬ್ಬರಿಗೆ. ಅವನ ಕಣ್ಣು ಟ್ರಂಕಿನತ್ತ ಹೊರಳಿತು.

ಎರ್ರೆಮ್ಮ ಆಗಲೇ ಅದರ ಮೇಲಿನ ಹಾಸಿಗೆಗಳನ್ನು ತೆಗೆದು, ಮುಚ್ಚಳವನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸಿಯಾದ ಮೇಲೆ ಒಂದು ಬಿಳಿ ಹಾಳೆಯನ್ನು ಅದರ ನಡುವೆ ನೆಟ್ಟಗೆ ಇಟ್ಟಳು.

"ಹೊಸಬನ ಹೆಸರು ಏನಂತ ಐತಿ, ಓದು. ಈ ಸಲ ನಲವತ್ತೊಂದು ಅಂತ ಬರಿ."