ಮನೆಯ ನೀರು

ಜಯತೀರ್ಥ ಮಾಸ್ತರರು ಬೆಳಿಗ್ಗೆ ಸ್ನಾನ ಮುಗಿಸಿ, ಮಡಿಪಂಚೆ ಉಟ್ಟು, ಹಿಂದಿನ ಓಣಿಯ ಬಾವಿಯಿಂದ ಒಂದು ತಾಮ್ರದ ತಂಬಿಗೆ ನೀರು ಸೇದಿ ತರುತ್ತಿದ್ದರು. ಅದು ದೇವರ ನೀರು. ತರುವಾಗ ಅವರು ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಓಣಿಯ ಜನ ಬದಿಗೆ ಸರಿದು ಕೈ ಮುಗಿಯುತ್ತಿದ್ದರು. ಅವರ ಬೆನ್ನಿಗೇ ಹೆಂಡತಿ ಜಾನಕೀಬಾಯಿ ಕೊಡ, ಹಗ್ಗ ಹಿಡಿದು ಅದೇ ಬಾವಿಗೆ ಹೋಗುತ್ತಿದ್ದರು. ಕುಡಿಯಲು, ಅಡಿಗೆಗೆ, ಮಡಿಯ ಹಂಡೆ ತುಂಬಲು ಕೊಡದ ಮೇಲೆ ಕೊಡ. ಅದು ಮನೆಯ ನೀರು. ಅದಕ್ಕೆ ಯಾರೂ ಕೈ ಮುಗಿಯುತ್ತಿರಲಿಲ್ಲ.

ಅದು ಎಮರ್ಜೆನ್ಸಿ ಮುಗಿದ ಮರುವರ್ಷ. ಲಕ್ಷ್ಮೇಶ್ವರದ ಆ ಓಣಿಗೆ ನಳ ಬಂದಿತ್ತು, ಮಾಸ್ತರರ ಅಂಗಳದಲ್ಲೇ ಒಂದಿತ್ತು. ಆದರೆ ನಳದೊಳಗೆ ತೊಗಲಿನ ವಾಶರ್ ಇರುತ್ತದೆ, ಆ ನೀರು ಮಡಿಗೆ ಸಲ್ಲದು ಎಂದು ಮಾಸ್ತರರ ತಾಯಿ ತೀರ್ಪು ಕೊಟ್ಟು ತೀರಿಕೊಂಡಿದ್ದರು. ತಾಯಿ ಹೋದರೂ ತೀರ್ಪು ಹೋಗಿರಲಿಲ್ಲ. ಮುಸುರೆ ತಿಕ್ಕುವ ತಿಪ್ಪವ್ವ ತರುತ್ತೇನೆಂದರೂ ಅವಳು ಮುಟ್ಟಿದ ನೀರು ಒಲೆಗೆ ಏರುವಂತಿರಲಿಲ್ಲ. ಹೀಗಾಗಿ ಅಷ್ಟು ದೊಡ್ಡ ಊರಿನಲ್ಲಿ ಆ ಮನೆಗೆ ನೀರು ತರಬಲ್ಲವರು ಇಬ್ಬರೇ ಇಬ್ಬರು. ಅವರಲ್ಲಿ ಒಬ್ಬರದು ತಂಬಿಗೆ, ಇನ್ನೊಬ್ಬರದು ಕೊಡ.

ದೀಪಾವಳಿ ಮುಗಿದ ಮೇಲೆ ಜಾನಕೀಬಾಯಿಗೆ ಗದಗಿನಲ್ಲಿ ಹೊಟ್ಟೆಯ ಆಪರೇಶನ್ ಆಗಿತ್ತು. ಡಾಕ್ಟರು ಮಾಸ್ತರರನ್ನೇ ಕರೆದು ಹೇಳಿದ್ದರು: "ಭಾರ ಎತ್ತಿಸಬ್ಯಾಡ್ರಿ. ಒಳಗಿನ ಹೊಲಿಗಿ ಬಿಚ್ಚಿದ್ರ ಮತ್ತೊಮ್ಮೆ ಕೊಯ್ಯಬೇಕಾಗ್ತದ. ಆವಾಗ ನನ್ನ ಕೈಯಾಗ ಏನೂ ಇರೂದಿಲ್ಲ." ಮುಂಡರಗಿಗೆ ಕೊಟ್ಟ ಮಗಳು ಬಂದು ಸ್ವಲ್ಪ ದಿನ ಇದ್ದು ನೀರು, ಅಡಿಗೆ ಎಲ್ಲ ನೋಡಿಕೊಂಡಳು. ಅವಳಿಗೂ ಅತ್ತೆ ಮನೆ ಇದೆಯಲ್ಲ, ಹೋದಳು. ಮಾರನೆಯ ಬೆಳಿಗ್ಗೆ ಜಾನಕೀಬಾಯಿ ಗೂಟದ ಮೇಲಿನ ಹಗ್ಗ ಇಳಿಸಿದರು.

ಸಂಕ್ರಾಂತಿಯ ಹೊತ್ತಿಗೆ ನೋವು ಮರುಕಳಿಸಿತು. ಒಂದು ದಿನ ಅವರು ಕೇಳಿಯೂ ನೋಡಿದರು.

"ನಳದ ನೀರ್ಲೆ ಅಡಗಿ ಮಾಡ್ಲೇನ್ರಿ?"

"ಏನಂದಿ? ದೇವರ ನೈವೇದ್ಯಕ್ಕ ತೊಗಲಿನ ನೀರೇನು?"

"ಮತ್ತ ನೀವು ಎರಡು ಕೊಡ..." ಜಾನಕೀಬಾಯಿ ಮಾತನ್ನು ಪೂರ್ತಿ ಮಾಡಲಿಲ್ಲ.

ಮಾಸ್ತರರು ಕೆಟ್ಟವರಲ್ಲ. ಅವರ ಮುಖ ಬಾಡಿತು. "ನಮ್ಮಪ್ಪ ಕೊಡ ಹೊತ್ತಿದ್ದು ನಾ ಕಂಡಿಲ್ಲ, ನಮ್ಮಜ್ಜ ಹೊತ್ತಿದ್ದು ಯಾರೂ ಹೇಳಿಲ್ಲ. ನಾಳೆ ನಾ ಸಾಲಿಯೊಳಗ ಹೆಂಗ ತಲಿ ಎತ್ತಲಿ? ಹುಡುಗೂರು ಸೈತ ನಗ್ತಾರ. ಸಣ್ಣ ಕೊಡ ತಗೊಂಡು ಹೋಗು, ಸಾವಕಾಶ ಮಾಡು" ಎಂದರು. ಸಣ್ಣ ಕೊಡವಾದರೆ ಬಾವಿಗೆ ಇಮ್ಮಡಿ ಸಲ ಹೋಗಬೇಕು ಎಂಬ ಲೆಕ್ಕ ಅವರಿಗೆ ಹೊಳೆಯಲಿಲ್ಲ. ಹೊತ್ತವರಿಗೆ ಮಾತ್ರ ಹೊಳೆಯುವ ಲೆಕ್ಕ ಅದು.

ಇಂಥ ಮಾಸ್ತರರಿಗೆ ಹೊರಗೆ ಇದ್ದ ಹೆಸರೇ ಬೇರೆ. ಅವರು ಪುರಾಣ ಹೇಳಲು ನಿಂತರೆ ಶಿರಹಟ್ಟಿ, ಬೆಳ್ಳಟ್ಟಿ, ಬಾಳೆಹೊಸೂರಿನಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ರಾಮನ ಕಣ್ಣು, ತೋಳು, ನಡಿಗೆ ಎಂದು ಮುಡಿಯಿಂದ ಅಡಿಯವರೆಗೆ ವರ್ಣಿಸಿದರೆ ರಾಮ ಎದುರಿಗೇ ನಿಂತಂತೆ ಆಗುತ್ತಿತ್ತು. ಆ ಕೀರ್ತಿ ಕೇಳಿಯೇ ಮರ್ದಾನಸಾಬರು ಬಂದದ್ದು. ಬಜಾರದಲ್ಲಿ ಹಗ್ಗ, ದನ ಕಟ್ಟುವ ಕಣ್ಣಿಗಳ ಅಂಗಡಿ ಇಟ್ಟಿದ್ದ ಅವರು ಮಸೀದಿಯ ಹಿರಿಯರಲ್ಲಿ ಒಬ್ಬರು. ಪೈಗಂಬರರ ಜನ್ಮದಿನ ಹತ್ತಿರ ಬಂದಿತ್ತು.

"ಈ ವರ್ಷ ಪೈಗಂಬರರ ಬಗ್ಗೆ ಕನ್ನಡದಾಗ ಹೇಳಿಸಬೇಕಂತ ಐತ್ರಿ. ನಮ್ಮವರಷ್ಟ ಕೂತು ಕೇಳಿದ್ರ ಏನ್ ಬಂತು? ಎಲ್ಲಾ ಓಣಿಯವರೂ ಕೇಳಲಿ. ನೀವು ಹೇಳ್ರಿ" ಎಂದು ಕನ್ನಡದಲ್ಲಿದ್ದ ಒಂದು ಜೀವನಚರಿತ್ರೆಯನ್ನು ಮುಂದಿಟ್ಟರು.

ಮಾಸ್ತರರಿಗೆ ಹಿಗ್ಗಾಯಿತು. "ಆತು, ಹೇಳ್ತೇನಿ. ಮೊದಲು ಫೋಟೋಕ್ಕ ಮಾಲಿ ಹಾಕೋದು, ಆಮ್ಯಾಲೆ ಅವರ ರೂಪದಿಂದನ ಶುರು ಮಾಡ್ತೇನಿ. ಒಂದು ಛಲೋ ಫೋಟೋ ತರ್ರಿ."

ಮರ್ದಾನಸಾಬರು ನಕ್ಕರು, ಆದರೆ ನೋಯುವಂತೆ ನಗಲಿಲ್ಲ. "ಅವರ ಫೋಟೋ ಇಲ್ರಿ ಮಾಸ್ತರ. ನಾವು ಅವರ ಚಿತ್ರ ಬರಿಯೂದಿಲ್ಲ, ಮೂರ್ತಿ ಮಾಡೂದಿಲ್ಲ."

"ಹಂಗಾದ್ರ ಮಂದಿ ಕಣ್ಣಮುಂದ ಅವರನ್ನ ಹೆಂಗ ತರ್ಲಿ?"

"ಅವರು ಹೆಂಗ ನಡಕೊಂಡ್ರು ಅನ್ನೂದು ಹೇಳ್ರಿ ಸಾಕು. ನಮ್ಮ ಕಡೆ ಇರೂದು ಅದೊಂದ ಚಿತ್ರ."

ಮಾಸ್ತರರಿಗೆ ಇದು ಹೊಸ ಪೇಚು. ಕಣ್ಣು, ತೋಳು, ಕಿರೀಟ ಯಾವುದೂ ಇಲ್ಲದೆ ಅವರು ಈವರೆಗೆ ಒಂದು ಕಥೆಯನ್ನೂ ಹೇಳಿದವರಲ್ಲ. ಆದರೂ ಓದಲು ಕೂತರು. ಓದುತ್ತ ಹೋದಂತೆ ಪುಸ್ತಕ ಕೆಳಗಿಡುವುದು ಕಷ್ಟವಾಯಿತು. ವೈರಿಗಳು ಕೂಡ ತಮ್ಮ ಒಡವೆಗಳನ್ನು ನಂಬಿ ಇಡುತ್ತಿದ್ದುದು ಆ ಮನುಷ್ಯನ ಬಳಿಯೇ. ಹುಟ್ಟಿದೂರಿನಿಂದ ಓಡಿಸಿದವರನ್ನು ಗೆದ್ದು ಬಂದ ದಿನ ಅವರು ಸೇಡು ತೀರಿಸಿಕೊಳ್ಳದೆ ಕ್ಷಮಿಸಿದರು. ದಾರಿಯಲ್ಲಿ ಶವಯಾತ್ರೆ ಹೊರಟಾಗ ಎದ್ದು ನಿಂತರು. ಅದು ಬೇರೆ ಧರ್ಮದವನ ಶವ ಎಂದು ಜೊತೆಯವರು ನೆನಪಿಸಿದರೆ, "ಅವನದೂ ಒಂದು ಜೀವವಲ್ಲವೇ?" ಎಂದರು. ಈ ಮಾತಿಗೆ ಮಾಸ್ತರರ ಕಣ್ಣು ತುಂಬಿದವು. ಇಷ್ಟು ದಿನ ಮರ್ದಾನಸಾಬರ ಅಂಗಡಿಯ ಮುಂದೆ ಹಾದುಹೋಗಿಯೂ ಇಂಥವರೊಬ್ಬರ ಸುದ್ದಿ ಕೇಳದೆ ಉಳಿದೆನಲ್ಲ ಎಂದು ಖರೆಯಾಗಿ ಮರುಗಿದರು.

ಭಾಷಣದ ಹಿಂದಿನ ದಿನ ಸಂಜೆ ಅವರು ಪಡಸಾಲೆಯಲ್ಲಿ ಅಡ್ಡಾಡುತ್ತ ಗಟ್ಟಿಯಾಗಿ ಒಪ್ಪಿಸುತ್ತಿದ್ದರು. ಜಾನಕೀಬಾಯಿ ಒಳಗೆ ಅಕ್ಕಿ ಆರಿಸುತ್ತಿದ್ದರು.

"ಅರಸರಂತೆ ಆಳಬಹುದಾಗಿದ್ದ ಪ್ರವಾದಿಯವರು ತಮ್ಮ ಹರಿದ ಚಪ್ಪಲಿಯನ್ನು ತಾವೇ ಹೊಲಿದುಕೊಂಡರು. ಬಟ್ಟೆಗೆ ತಾವೇ ತೇಪೆ ಹಾಕಿದರು, ಆಡಿನ ಹಾಲು ಕರೆದರು. ಅವರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ ಅವರ ಮಡದಿ ಹೇಳಿದ್ದು ಒಂದೇ ಮಾತು: ಮನೆಯವರ ಸೇವೆಯಲ್ಲಿ ಇರುತ್ತಿದ್ದರು, ಹೊತ್ತಾದಾಗ ಎದ್ದು ನಮಾಜಿಗೆ ಹೋಗುತ್ತಿದ್ದರು..."

ಅಕ್ಕಿಯ ಮೊರದ ಸಪ್ಪಳ ನಿಂತಿತು.

"ಖರೆ ಏನ್ರಿ ಅದು?" ಒಳಗಿನಿಂದ ಜಾನಕೀಬಾಯಿ ಕೇಳಿದರು.

"ಖರೇನ. ಇಲ್ಲೇ ಬರದದ."

"ಅಷ್ಟು ದೊಡ್ಡವರು?"

"ಹೂಂ."

ಜಾನಕೀಬಾಯಿ ಮೊರ ಬದಿಗಿಟ್ಟು, "ಅವರ ಮನಿಯಾಕಿ ಪುಣ್ಯಾ ಮಾಡಿದ್ಳು ಬಿಡ್ರಿ" ಎಂದರು. ಆ ದನಿಯಲ್ಲಿ ಕೊಂಕಿರಲಿಲ್ಲ, ಬೇರೊಬ್ಬ ಹೆಂಗಸಿಗೆ ಒಳ್ಳೆಯದಾದ ಸುದ್ದಿ ಕೇಳಿದ ಸಂತೋಷವಷ್ಟೇ ಇತ್ತು. ಮರುಗಳಿಗೆಯಲ್ಲಿ ಗೂಟದಿಂದ ಹಗ್ಗ ಇಳಿಸಿದ ಸಪ್ಪಳವಾಯಿತು. ರಾತ್ರಿಯ ಅಡಿಗೆಗೆ ನೀರಿರಲಿಲ್ಲ. ಹಿತ್ತಲ ಬಾಗಿಲಿಂದ ಹೊಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಹೋಗುತ್ತಿದ್ದ ಹೆಂಡತಿಯನ್ನು ಮಾಸ್ತರರು ಕಂಡರು. ಹೀಗೆ ಆಕೆ ಹೋಗುವುದನ್ನು ದಿನವೂ ಕಂಡಿದ್ದರು, ನೋಡಿರಲಿಲ್ಲ. ಆ ಸಂಜೆ ಅಭ್ಯಾಸ ಮುಂದುವರಿಯಲಿಲ್ಲ.

ಮರುದಿನ ಬಜಾರದ ಬಯಲಿನಲ್ಲಿ ಜನ ಕಿಕ್ಕಿರಿದು ಸೇರಿದ್ದರು. ಕಾಳುಕಡಿಯ ಅಡತಿ ಅಂಗಡಿಯ ಅಂದಾನಪ್ಪನವರು ಮುಂದಿನ ಸಾಲಿನಲ್ಲಿದ್ದರು, ಹೆಂಗಸರು ಒಂದು ಕಡೆ ಪರದೆಯ ಹಿಂದೆ ಕೂತಿದ್ದರು. ಮಾಸ್ತರರು ಮಾತಾಡಿದರು. ರೂಪದ ವರ್ಣನೆ ಒಂದಕ್ಷರ ಇಲ್ಲದಿದ್ದರೂ, ಶವಕ್ಕೆ ಎದ್ದು ನಿಂತ ಪ್ರಸಂಗಕ್ಕೆ ಬಯಲಿಗೆ ಬಯಲೇ ಸ್ತಬ್ಧವಾಯಿತು. ಕ್ಷಮೆಯ ಪ್ರಸಂಗಕ್ಕೆ ಮರ್ದಾನಸಾಬರು ಬಾಯಿಗೆ ವಸ್ತ್ರ ಒತ್ತಿಕೊಂಡು ಅತ್ತರು. ಆಮೇಲೆ ಮಾಸ್ತರರು ಮನೆಯ ಪ್ರಸಂಗಕ್ಕೆ ಬಂದರು.

"ಪ್ರವಾದಿಯವರು ತಮ್ಮ ಮನೆಯಲ್ಲಿ..." ಎಂದು ಬಾಯಿ ತೆರೆದರು. ಎದುರಿಗೆ ಓಣಿಯವರೆಲ್ಲ ಕೂತಿದ್ದಾರೆ. ಜಾನಕೀಬಾಯಿ ಕೊಡ ಹೊರುವುದನ್ನು ಕಾಣದವರು ಅವರಲ್ಲಿ ಯಾರಿದ್ದಾರೆ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯನ್ನು ಮಕ್ಕಳಿಗೆ ವಿವರಿಸಿ ಬರೆಸಿದವರು ಅವರೇ. ಮನೆಯಿಂದ ತಂದಿದ್ದ ನೀರನ್ನು ಒಂದು ಗುಟುಕು ಕುಡಿದರು. ಅದೂ ಜಾನಕೀಬಾಯಿ ಹೊತ್ತು ತಂದ ನೀರೇ. ಪ್ರಸಂಗವನ್ನು ಅಲ್ಲಿಗೇ ಬಿಟ್ಟು, ನಾಲ್ಕು ಮಾತು ಹೇಳಿ, ಕೈ ಮುಗಿದು ಕೂತರು. ಯಾರಿಗೂ ಗೊತ್ತಾಗಲಿಲ್ಲ. ಚಪ್ಪಾಳೆ ಬಹಳ ಹೊತ್ತು ನಡೆಯಿತು, ಶಾಲು ಹೊದಿಸಿದರು.

ಜನ ಕರಗಿದ ಮೇಲೆ ಮರ್ದಾನಸಾಬರು ಬಳಿ ಬಂದರು. "ಭಾಳ ಛಲೋ ಹೇಳಿದ್ರಿ. ಆದ್ರ ಮನಿ ಕೆಲಸದ ಮಾತು ಬಿಟ್ಟಬಿಟ್ರಲ್ರಿ? ನಾ ಅದಕ್ಕ ಕಾಯಕೋತ ಕುಂತಿದ್ದೆ."

"ಮರ್ದಾನಸಾಬ್ರ, ನಿಮ್ಮ ಅಂಗಡಿ ಹಗ್ಗ ಸೇದಿ ಸೇದಿ ನನ್ನ ಹೆಂಡತಿ ಕೈಯಾಗ ಬೊಕ್ಕಿ ಎದ್ದಾವ. ಆಕಿಗೆ ಭಾರ ಎತ್ತಬಾರದು ಅಂತ ಡಾಕ್ಟರ್ ಹೇಳ್ಯಾರ. ಅದನ್ನ ಯಾವ ಬಾಯ್ಲೆ ಹೇಳ್ಲಿ?"

ಮರ್ದಾನಸಾಬರಿಗೆ ಉಪದೇಶ ಮಾಡುವ ಅವಕಾಶ ಕೈಗೆ ಬಂದಿತ್ತು, ಆದರೆ ಅವರು ಪ್ರಾಮಾಣಿಕ ಮನುಷ್ಯ. "ನಾನೂ ಏನ್ ಹೆಚ್ಚಿನಾಂವ ಅಲ್ರಿ" ಎಂದರು ಮೆಲ್ಲಗೆ. "ಸಣ್ಣಾಂವ ಇದ್ದಾಗಿಂದ ಆ ಮಾತು ಕೇಳೇನಿ. ಕೇಳಿದಾಗೊಮ್ಮೆ ಸುಭಾನಲ್ಲಾ ಅಂತೇನಿ. ಆದ್ರ ನನ್ನ ಅಂಗಿ ಗುಂಡಿ ಹರಿದ್ರ ಇವತ್ತಿಗೂ ಮನಿಯಾಕೀನ ಕರೀತೇನಿ. ಅವರನ್ನ ಹೊಗಳೂದು ಹಗುರ ಐತ್ರಿ ಮಾಸ್ತರ, ಅವರಂಗ ಇರೂದು ಭಾರ."

ಇಬ್ಬರೂ ಜೊತೆಯಾಗಿ ಮನೆಯ ಕಡೆ ನಡೆದರು. ಓಣಿಯ ತಿರುವಿನಲ್ಲಿ ಬೇರೆಯಾಗುವಾಗ ಒಬ್ಬರ ಮುಖವನ್ನು ಒಬ್ಬರು ನೋಡಲಿಲ್ಲ.

ಬೆಳಿಗ್ಗೆ ಜಾನಕೀಬಾಯಿ ಮಡಿ ಸೀರೆ ಉಟ್ಟು ಬಂದು ನೋಡಿದರೆ ಗೂಟದ ಮೇಲೆ ಹಗ್ಗವಿಲ್ಲ, ಮೂಲೆಯಲ್ಲಿ ಕೊಡವಿಲ್ಲ. ದೇವರ ತಂಬಿಗೆ ಮಾತ್ರ ಕಟ್ಟೆಯ ಮೇಲೆ ಖಾಲಿ ಕೂತಿತ್ತು.

ಬಾವಿಕಟ್ಟೆಯಲ್ಲಿ ಹೆಂಗಸರೆಲ್ಲ ಹಗ್ಗ ಬಿಟ್ಟು ಬೆರಗಾಗಿ ನಿಂತಿದ್ದರು. ಮಾಸ್ತರರಿಗೆ ತಂಬಿಗೆಯ ನೀರು ಸೇದಿ ರೂಢಿ, ಕೊಡದ ಕುಣಿಕೆ ಹಾಕಲು ಬರುತ್ತಿರಲಿಲ್ಲ. ಒಮ್ಮೆ ಕೊಡ ಜಾರಿ ಬಾವಿಯ ಗೋಡೆಗೆ ಬಡಿಯಿತು. ಎದುರುಮನೆಯ ವಿಮಲಾಬಾಯಿಗೆ ತಡೆಯಲಾಗಲಿಲ್ಲ.

"ಜಾನಕೀಬಾಯಿಗೆ ಆರಾಮಿಲ್ಲೇನ್ರಿ?"

"ಆರಾಮ ಇದ್ದಾಳ್ರಿ. ಆರಾಮ ಇರ್ಲಿ ಅಂತನ ನಾ ಬಂದೇನಿ."

ಯಾರೋ ಕಿಸಕ್ಕನೆ ನಕ್ಕರು. ಮಾಸ್ತರರ ಕಿವಿ ಕೆಂಪಾದವು, ಆದರೂ ಅವರು ಕೊಡವನ್ನು ಹೆಗಲಿಗೇರಿಸಿದರು. ಓಣಿಯಲ್ಲಿ ಅವತ್ತು ಯಾರೂ ಬದಿಗೆ ಸರಿಯಲಿಲ್ಲ, ಕೈ ಮುಗಿಯಲಿಲ್ಲ. ಶಾಲೆಯ ಹುಡುಗರಿಬ್ಬರು ಬಾಯಿ ತೆರೆದು ನಿಂತರು. ಬೆಳಗಿನ ನಮಾಜು ಮುಗಿಸಿ ಇನ್ನಷ್ಟು ಹೊತ್ತು ಮಸೀದಿಯಲ್ಲೇ ಕೂತಿದ್ದು ಮನೆಗೆ ಹೊರಟಿದ್ದ ಮರ್ದಾನಸಾಬರು ಮಾತ್ರ, ಎದುರಿಗೆ ಬಂದವರು, ಗೋಡೆಯ ಬದಿಗೆ ಸರಿದು ದಾರಿ ಬಿಟ್ಟರು. ಮಾತಾಡಿಸಲಿಲ್ಲ. ಮಾಸ್ತರರು ದಾಟಿ ಹೋದ ಮೇಲೆ ತಮ್ಮ ಅಂಗಿಯಲ್ಲಿ ಗುಂಡಿ ಹರಿದ ಜಾಗವನ್ನು ಮುಟ್ಟಿ ನೋಡಿಕೊಂಡು, ಮನೆಯ ಕಡೆ ಜಲ್ದಿ ಹೆಜ್ಜೆ ಹಾಕಿದರು.

ಹಿತ್ತಲ ಬಾಗಿಲಲ್ಲಿ ಜಾನಕೀಬಾಯಿ ನಿಂತಿದ್ದರು. ಗಂಡನ ಪಂಚೆ ಅರ್ಧ ತೊಯ್ದಿತ್ತು, ಕೊಡದಲ್ಲಿ ನೀರು ಮುಕ್ಕಾಲು ಉಳಿದಿತ್ತು. ಅವರು ಓಡಿ ಬಂದು ಕೈ ಚಾಚಿದರು. ಮಾಸ್ತರರು ಕೊಡಲಿಲ್ಲ. ತಾವೇ ಒಳಗೆ ಹೋಗಿ ಹಂಡೆಗೆ ಸುರಿದು ಹೊರಬಂದರು.

"ದೇವರ ನೀರು ಇನ್ನೂ ತಂದಿಲ್ಲಲ್ರಿ?" ಎಂದರು ಜಾನಕೀಬಾಯಿ.

"ಅದು ಆಮ್ಯಾಲೆ. ಮೊದಲು ಇದು."

ಜಾನಕೀಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದರು: "ನಿನ್ನೆ ಭಾಷಣದಾಗ ಅದೊಂದ ಮಾತು ಬಿಟ್ರಲ್ಲ. ಚಪ್ಪಲಿ ಹೊಲಿಯೋದು, ಮನಿಯವರ ಸೇವಾ... ಪರದೆ ಹಿಂದ ನಾನೂ ಕೂತಿದ್ದೆ. ಯಾಕ ಬಿಟ್ರಿ?"

ಮಾಸ್ತರರು ಖಾಲಿ ಕೊಡವನ್ನು ಮತ್ತೆ ಹೆಗಲಿಗೆ ಏರಿಸಿ, ಹಗ್ಗವನ್ನು ಕೈಗೆ ಸುತ್ತಿಕೊಂಡರು.

"ಮುಂದಿನ ವರ್ಷ ಆ ಮಾತೂ ಹೇಳ್ತೇನಿ" ಎಂದು ಬಾವಿಯ ಕಡೆ ನಡೆದರು.