ದಬ್ಬಣದ ತೂತು

ತಪ್.

ನೀಲಾ ಹಾಸಿಗೆಯಲ್ಲಿ ಎದ್ದು ಕೂತಳು. ಮಳೆ ನಿಂತು ಅರ್ಧ ಗಂಟೆಯಾಗಿತ್ತು, ಬೀದಿಯ ನಾಯಿಗಳೂ ಸುಮ್ಮನಾಗಿದ್ದವು. ಪಕ್ಕದಲ್ಲಿ ಗಂಡ ಸುಭಾಷ ಗೊರಕೆ ಹೊಡೆಯುತ್ತಿದ್ದ. ಮೇಲಿನ ಕೋಣೆಯಿಂದ ಮತ್ತೆ ಅದೇ ಸದ್ದು ಬಂತು. ಹನಿ ನೆಲಕ್ಕೆ ಬಿದ್ದಿದ್ದರೆ ಸದ್ದು ಗಟ್ಟಿಯಾಗಿರುತ್ತಿತ್ತು. ಇದು ಬಟ್ಟೆಯ ಮೇಲೆ ಬೀಳುತ್ತಿರುವ ಹನಿ. ಆ ಕೋಣೆಯಲ್ಲಿ ಬಟ್ಟೆ ಬಿಗಿದಿಟ್ಟದ್ದು ಒಂದೇ ಒಂದು, ಅತ್ತೆ ಗದಿಗೆವ್ವನ ಬೀಜದ ಗಡಿಗೆ.

ನಲವತ್ತು ವರ್ಷದಿಂದ ಗದಿಗೆವ್ವ ಪ್ರತಿ ಸುಗ್ಗಿಯಲ್ಲೂ ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿಗಳ ನಡುವೆ ಕೂತು, ಬಣ್ಣ ನೋಡಿ ಸುಕ್ಕು ನೋಡಿ ಆರಿಸಿ, ಬೀಜ ಬಿಡಿಸಿ ಬೂದಿ ಹಚ್ಚಿ ಎತ್ತಿಡುತ್ತಿದ್ದಳು. ಹಿಂದೆ ಮೋಟೆಬೆನ್ನೂರು, ಕದರಮಂಡಲಗಿಯ ಹೆಂಗಸರು ಬಂದು ಉಡಿಯಲ್ಲಿ ಹಿಡಿ ಬೀಜ ಕಟ್ಟಿಕೊಂಡು ಹೋಗುತ್ತಿದ್ದರು. ಈಗ ಎಲ್ಲರೂ ರಾಣೆಬೆನ್ನೂರಿನಿಂದ ಬೀಜದ ಪಾಕೀಟು ತರುತ್ತಾರೆ. ಆ ತಳಿ ಉಳಿದದ್ದು ಈ ಗಡಿಗೆಯಲ್ಲಿ ಮಾತ್ರ.

ಮಾಳಿಗೆಗೆ ಶೀಟು ಹಾಕಿಸಿದ್ದೂ ಈ ಗಡಿಗೆಗಾಗಿಯೇ. ಹೋದ ಮಳೆಗಾಲದಲ್ಲಿ ಸ್ಲ್ಯಾಬು ಬೆವರತೊಡಗಿದ್ದರಿಂದ ಈ ಬೇಸಿಗೆಯಲ್ಲಿ ನೀಲಾ ತಾನೇ ರಾಣೆಬೆನ್ನೂರಿಗೆ ಹೋಗಿ ಮೂರು ಅಂಗಡಿ ತಿರುಗಿದ್ದಳು. ಕುಂಚದಿಂದ ಬಳಿಯುವ ದ್ರಾವಣ ಎರಡು ಮಳೆಗಾಲ ಬಾಳೀತು ಎಂದರು. ಗ್ಯಾಸಿನ ಉರಿಯಲ್ಲಿ ಕಾಯಿಸಿ ಅಂಟಿಸುವ ಡಾಂಬರು ಶೀಟು ಹತ್ತು ವರ್ಷಕ್ಕೆ ಚಿಂತೆಯಿಲ್ಲ ಎಂದರು. ಬರಿಯ ಕಪ್ಪು ಶೀಟಾದರೆ ಬಿಸಿಲಿಗೆ ಮೆತ್ತಗಾಗಿ ಒಣಹಾಕಿದ ಕಾಯಿ ಹತ್ತಿಕೊಳ್ಳುತ್ತದೆಂದು ಮೇಲೆ ಕಲ್ಲಿನ ಹರಳು ಕೂರಿಸಿದ್ದನ್ನೇ ಆರಿಸಿದಳು. ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಳು. ಸುರುಳಿಗಳು ಮನೆಗೆ ಬಂದ ದಿನ ಸುಭಾಷ ನಕ್ಕಿದ್ದ. “ಮಳಿಗಾಲಕ್ಕ ನನಗೊಂದು ರೇನ್‌ಕೋಟಿಲ್ಲ, ಮಾಳಿಗಿಗೆ ಬಂತು ನೋಡ.”

ಕೆಲಸಕ್ಕೆ ಬಂದವನು ಫಿರೋಜ್. ಮುಂಚೆಯೇ ಫೋನಿನಲ್ಲಿ ಒಂದೇ ಮಾತು ಒತ್ತಿ ಹೇಳಿದ್ದ. ಕೆಲಸಕ್ಕೆ ಮೊದಲು ಮೂರು ದಿನ ಸ್ಲ್ಯಾಬಿಗೆ ನೀರು ಸೋಕಬಾರದು. ಒಳಗೆ ತೇವ ಉಳಿದರೆ ಬಿಸಿಲಿಗೆ ಆವಿಯಾಗಿ ಶೀಟನ್ನು ಉಬ್ಬಿಸುತ್ತದೆ. ಅದೂ ಚೀಟಿಯಲ್ಲಿತ್ತು.

ಆದರೆ ಕೆಲಸದ ದಿನ ಬೆಳಗಿನ ಜಾವ ಗದಿಗೆವ್ವ ಎರಡು ಕೊಡ ನೀರು ತುಂಬಿಟ್ಟು ಸೊಸೆಯನ್ನು ಎಬ್ಬಿಸಿದಳು. ಆ ಮನೆಯಲ್ಲಿ ಈಶಾನ್ಯ ಮೂಲೆ ತೊಳೆದು ರಂಗೋಲಿ ಹಾಕದೆ ಯಾವ ಕೆಲಸವೂ ಶುರುವಾದದ್ದಿಲ್ಲ. ಬೇಡ ಎನ್ನಲು ನೀಲಾಗೆ ಬಾಯಿ ಬರಲಿಲ್ಲ. ಕತ್ತಲಲ್ಲೇ ಮೇಲೆ ಹೋಗಿ ಆ ಮೂಲೆಯೊಂದನ್ನೇ ತೊಳೆದಳು. ಒಂಬತ್ತರ ಬಿಸಿಲಿಗೆ ನೆಲ ಬೆಳ್ಳಗಾಗಿತ್ತು.

ಫಿರೋಜ್ ರಂಗೋಲಿ ನೋಡಿ ಬಗ್ಗಿ ಅಂಗೈ ಊರಿದ. “ಅಕ್ಕಾರ, ನೀರು ಬಿದ್ದಿಲ್ಲಲ್ರಿ?”

“ರಂಗೋಲಿ ಅಷ್ಟರಿ,” ಎಂದಳು ನೀಲಾ. “ನೀರು ಇಲ್ಲ.”

ಅವನು ಕಸಬರಿಗೆಯಿಂದ ರಂಗೋಲಿ ಗುಡಿಸಿ ಕೆಲಸಕ್ಕೆ ನಿಂತ.

ಹದಿನೈದು ದಿನಕ್ಕೆ ಆ ಮೂಲೆಯಲ್ಲಿ ಅಂಗೈಯಗಲದ ಗುಳ್ಳೆ ಎದ್ದಿತು. ದಿನಕ್ಕೆ ಮೂರು ಸಲ ಮಾಳಿಗೆ ಹತ್ತುತ್ತಿದ್ದ ನೀಲಾಗೇ ಅದು ಮೊದಲು ಕಂಡದ್ದು. ಫಿರೋಜನನ್ನು ಕರೆಯಬಹುದಿತ್ತು. ಕರೆದರೆ ಅವನು ಮೊದಲು ನೀರಿನ ಮಾತೇ ಕೇಳುತ್ತಾನೆ, ಅದೂ ಅತ್ತೆಯ ಮುಂದೆ. ಅವಳು ಚೀಲ ಹೊಲಿಯುವ ದಬ್ಬಣ ತಂದು, ತವೆಯ ಮೇಲೆ ಉಬ್ಬಿದ ರೊಟ್ಟಿಗೆ ಚುಚ್ಚಿದಂತೆ ಒಂದು ತೂತು ಚುಚ್ಚಿದಳು. ಗಾಳಿ ಹೋಗಿ ಗುಳ್ಳೆ ಕೂತಿತು. ತೂತಿನ ಮೇಲೆ ಮೇಣದಬತ್ತಿ ಕರಗಿಸಿ ಹನಿಸಿದಳು. ಬ್ಯಾಡಗಿಯ ಮೇ ತಿಂಗಳ ಬಿಸಿಲಿನಲ್ಲಿ ಮೇಣ ಎಷ್ಟು ದಿನ ನಿಂತೀತು ಎಂದು ಯೋಚಿಸಲಿಲ್ಲ.

ಗಡಿಗೆ ಇದ್ದದ್ದೂ ಅದರ ನೇರ ಕೆಳಗೆ, ಮೇಲಿನ ಕೋಣೆಯ ಈಶಾನ್ಯ ಮೂಲೆಯಲ್ಲಿ. ಬಿತ್ತುವ ದಿನದವರೆಗೆ ಅದನ್ನು ಗದಿಗೆವ್ವನ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಹಿಂದಿನ ಮೂರು ರಾತ್ರಿ ಮಳೆಯ ಆರ್ಭಟದಲ್ಲಿ ಹನಿಯ ಸದ್ದು ಕೇಳಿರಲಿಲ್ಲ.

ಈಗ ನೀಲಾ ಮೊಬೈಲಿನ ಬೆಳಕು ಹಿಡಿದು ಮೇಲೆ ಹೋದಳು. ಬಟ್ಟೆ ತೊಯ್ದು ಒಳಕ್ಕೆ ಜೋತಿತ್ತು. ಗಂಟು ಬಿಚ್ಚಿದಾಗ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಬೂದಿ ಕೆಸರಾಗಿ, ಬೀಜ ಉಂಡೆಗಟ್ಟಿ, ಮೇಲೆಲ್ಲ ಬಿಳಿಯ ಬೂಸಲು ಹಿಡಿದಿತ್ತು. ಅವಳು ಗಡಿಗೆಯನ್ನು ಪಕ್ಕಕ್ಕೆ ಸರಿಸಿ, ಆ ಜಾಗಕ್ಕೆ ಬಕೆಟ್ಟು ಇಟ್ಟು, ಬೆಳಗಾಗುವವರೆಗೆ ಬೀಜಗಳನ್ನು ಒಂದೊಂದಾಗಿ ಬಿಡಿಸುತ್ತ ಕೂತಳು. ಸುಗ್ಗಿ ಮುಗಿದ ಮೇಲೆ ಅತ್ತೆ ಮೆಟ್ಟಿಲು ಹತ್ತಿರಲಿಲ್ಲ. ಕಣ್ಣಿನ ಪೊರೆಯೂ ಬಲಿತಿತ್ತು. ಬೀಜ ನೆರಳಲ್ಲಿ ಒಣಗಿತು. ನೀಲಾ ಹೊಸ ಬೂದಿ ಹಚ್ಚಿದಳು.

ಹಾವೇರಿಯಲ್ಲಿ ಬಿ.ಎಸ್ಸಿ. ಓದುವಾಗ ಕಲಿತಂತೆ ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ಏಳನೆಯ ದಿನ ಬಿಚ್ಚಿ ನೋಡಿದಳು, ಹತ್ತನೆಯ ದಿನ, ಹದಿನಾಲ್ಕನೆಯ ದಿನ. ಒಂದೂ ಮೊಳೆಯಲಿಲ್ಲ. ಸುಗ್ಗಿಯ ಕಾಯಿಯೆಲ್ಲ ಮಾರಿಹೋಗಿತ್ತು, ಮನೆಗೆಂದು ಇಟ್ಟದ್ದು ಪುಡಿಯಾಗಿತ್ತು. ಹಿಂದೆ ಬೀಜ ಒಯ್ದವರಿಗೆ ಯಾವುದೋ ನೆವ ಹೇಳಿ ಫೋನು ಮಾಡಿದಳು. ಮೋಟೆಬೆನ್ನೂರಿನ ಕರಿಯವ್ವ, ಅದನ್ನು ಬಿಟ್ಟು ಐದು ವರ್ಷವಾಯಿತು ಎಂದಳು. ಉಳಿದವರದೂ ಅದೇ ಉತ್ತರ.

ಬಕೆಟ್ಟು ನೋಡಿ ಸುಭಾಷ ಕರೆಸಿದಾಗ ಫಿರೋಜ್ ಬಂದು ಶೀಟಿಗೆ ತೇಪೆ ಹಾಕಿದ. ತೂತನ್ನು ಬೆರಳಿನಿಂದ ಸವರಿ, ಒಂದು ಗಳಿಗೆ ನೀಲಾಳ ಮುಖ ನೋಡಿ, ಹಕ್ಕಿ ಕುಕ್ಕಿರಬೇಕು ಎಂದು ಸುಭಾಷನಿಗೆ ಹೇಳಿದ. ಕೈಕೂಲಿ ತೆಗೆದುಕೊಳ್ಳದೆ ಹೋದ.

ಸಸಿ ಮಡಿ ಹಾಕುವ ಹಿಂದಿನ ಸಂಜೆ ಗದಿಗೆವ್ವ ಗಡಿಗೆ ಕೆಳಗೆ ತರಿಸಿದಳು. ಹಿಡಿ ಬೀಜ ತೆಗೆದು ಅಂಗೈಯಲ್ಲಿ ಹೊರಳಿಸಿದಳು.

“ಹೆಂಗದಾವ ನೋಡ ಬೀಜ?”

“ಛಲೋ ಅದಾವ್ರಿ, ಅತ್ಯಾರ.”

“ಕಣ್ಣು ಹೋದ್ರೂ ಕೈಗುಣ ಹೋಗಿಲ್ಲವಾ ನಂದು,” ಎಂದು ಗದಿಗೆವ್ವ ಬೀಜವನ್ನು ಮತ್ತೆ ಗಡಿಗೆಗೆ ಸುರಿದಳು. “ಹುಟ್ಟದ ವರ್ಷ ಈ ಕೈ ಸತ್ತೈತಿ ಅಂತ ತಿಳಕೋ.”

ಇನ್ನು ಹದಿನೈದು ದಿನ ಅವಳು ಮಡಿಯ ಪಕ್ಕ ಕೂತು ಮಣ್ಣು ಸವರುತ್ತಾಳೆ. ಆಮೇಲೆ ತನ್ನ ಕೈಯನ್ನೇ ನೋಡಿಕೊಳ್ಳುತ್ತಾಳೆ. ನೀಲಾಗೆ ಅದು ಈಗಲೇ ಕಣ್ಣಿಗೆ ಕಟ್ಟುತ್ತಿತ್ತು. ಹೇಳಿದರೆ ನೀರು ಹಾಕಿಸಿದ್ದು ಯಾರು ಎಂಬಲ್ಲಿಗೆ ಮಾತು ಮುಟ್ಟುತ್ತದೆ. ಹೇಳಿದರೂ ಬೀಜ ಹುಟ್ಟುವುದಿಲ್ಲ. ಅವಳು ಗಡಿಗೆಯ ಬಾಯಿಗೆ ಬಟ್ಟೆ ಬಿಗಿದು ಎರಡು ಗಂಟು ಹಾಕಿದಳು. ನೀರಿನ ಮಾತನ್ನಾಗಲಿ ದಬ್ಬಣದ ಮಾತನ್ನಾಗಲಿ ಗಂಡನಿಗೂ ಅತ್ತೆಗೂ, ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿದಳು.