ಜಂಬವ್ವನ ರೊಟ್ಟಿಯ ವಿಳಾಸ

ಅಂಗಡಿ ಬಾಗಿಲು ಮುಚ್ಚಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಬುಕ್ಕಸಾಗರದ ಪಂಪಾವತಿಯ ಅಂಗಡಿ ಮುಚ್ಚಿ ಎರಡು ತಿಂಗಳಾಗುತ್ತ ಬಂದಿತ್ತು, ಸ್ವತಃ ಆಕೆಗೇ ಗೊತ್ತಿರಲಿಲ್ಲ! ಹೇಗೆ ಗೊತ್ತಾಗಬೇಕು ಹೇಳಿ? ಅದು ಓಣಿಯಲ್ಲಿದ್ದ ಅಂಗಡಿಯಲ್ಲ, ಇಂಟರ್ನೆಟ್ಟಿನಲ್ಲಿದ್ದ ಅಂಗಡಿ. ಮನೆಯಲ್ಲಿ ಒಲೆ ಉರಿಯುತ್ತಲೇ ಇತ್ತು. ಹೊಸಪೇಟೆಯ ಖಾನಾವಳಿಗಳಿಂದ ಫೋನು ಬರುತ್ತಲೇ ಇತ್ತು. ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಪುರುಸೊತ್ತು ಇರಲಿಲ್ಲ.

ಆದರೆ ಸಂಕ್ರಾಂತಿಗೆ ಬರಬೇಕಾದ ಒಂದು ಆರ್ಡರ್ ಬರಲಿಲ್ಲ.

ಆ ಆರ್ಡರ್ ತಂಗಿ ದೇವಿಕಾಳದು. ದೇವಿಕಾಳ ಗಂಡ ಮೊದಲು ಕುರೆಕುಪ್ಪದ ಕಡೆ ಕ್ರೇನ್ ಓಡಿಸುತ್ತಿದ್ದ. ಆಮೇಲೆ ಗುತ್ತಿಗೆ ಎಲ್ಲಿಗೆ ಕರೆದರೆ ಸಂಸಾರವೂ ಅಲ್ಲಿಗೆ, ಒಮ್ಮೆ ಒಡಿಶಾ, ಒಮ್ಮೆ ಗುಜರಾತ್. ತಾಯಿ ಜಂಬವ್ವ ತೀರಿಕೊಂಡಾಗ ದೇವಿಕಾ ರೈಲು ಬದಲಿಸುತ್ತ ಬದಲಿಸುತ್ತ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು.

"ಅವ್ವನ ಮಾರಿ ತೋರ್ಸಾಕ ನನಗ ಒಂದ್ ದಿನ ಕಾಯಾಕ ಆಗ್ಲಿಲ್ಲೇನಕ್ಕ?" ಎಂದು ಆಕೆ ಅತ್ತಳು.

"ಇದ್ದಾಗ ಬರದಾಕಿ ಈಗ್ಯಾಕ ಬಂದಿ?" ಎಂದುಬಿಟ್ಟಳು ಪಂಪಾವತಿ.

ದುಃಖದಲ್ಲಿ ಬಾಯಿ ಜಾರಿತ್ತು. ದೇವಿಕಾ ಅವತ್ತೇ ಹೊರಟುಹೋದಳು. ಆಮೇಲೆ ಫೋನಿಲ್ಲ, ಮಾತಿಲ್ಲ, ಹಬ್ಬಕ್ಕೆ ಬರುವುದಂತೂ ಇಲ್ಲವೇ ಇಲ್ಲ.

ತಾಯಿಯ ಹೆಸರಿನಲ್ಲೇ ಪಂಪಾವತಿ ರೊಟ್ಟಿ ವ್ಯಾಪಾರ ಶುರುಮಾಡಿದಳು. 'ಜಂಬವ್ವನ ರೊಟ್ಟಿ' ಎಂದು ವೆಬ್‌ಸೈಟೂ ಆಯಿತು. ಮೊದಲ ಸಂಕ್ರಾಂತಿಗೆ ಅದರಲ್ಲಿ ಒಂದು ಆರ್ಡರ್ ಬಂತು. ಹೆಸರಿನ ಜಾಗದಲ್ಲಿ ಯಾವುದೋ ಗಂಡಸಿನ ಹೆಸರು, ಊರು ದೂರದ್ದು. ಕೆಳಗೆ ಒಂದು ಮಾತು: 'ಸಜ್ಜಿ ರೊಟ್ಟಿ. ಎಳ್ಳು ಎರಡೂ ಮಗ್ಗುಲಿಗೆ.' ಪಂಪಾವತಿ ಅದನ್ನು ಎರಡೆರಡು ಸಲ ಓದಿದಳು. ಲೋಕವೆಲ್ಲ ರೊಟ್ಟಿಯ ಒಂದು ಮಗ್ಗುಲಿಗೆ ಎಳ್ಳು ಹಚ್ಚುತ್ತದೆ. ಕಿರಿಮಗಳು ಹಟ ಮಾಡುತ್ತಾಳೆಂದು ಎರಡೂ ಮಗ್ಗುಲಿಗೆ ಹಚ್ಚುತ್ತಿದ್ದವಳು ಜಂಬವ್ವ ಒಬ್ಬಳೇ. ಪಂಪಾವತಿ ಅವತ್ತೇ ರೊಟ್ಟಿ ಕಳಿಸಿದಳು, ಜೊತೆಗೆ ಕೇಳದಿದ್ದ ಶೇಂಗಾ ಚಟ್ನಿಯನ್ನೂ. ಅಂದಿನಿಂದ ಪಂಚಮಿಗೊಮ್ಮೆ, ಸಂಕ್ರಾಂತಿಗೊಮ್ಮೆ ಅಕ್ಕತಂಗಿಯರು ಹೀಗೇ ಮಾತಾಡಿಕೊಳ್ಳುತ್ತಿದ್ದರು.

ಈ ಸಲ ಕಾದು ಕಾದು ಪಂಪಾವತಿ ತಾನಾಗೇ ಹಳೇ ವಿಳಾಸಕ್ಕೆ ರೊಟ್ಟಿ ಕಳಿಸಿದಳು. ಆ ಮನೆ ಬಿಟ್ಟುಹೋಗಿದ್ದಾರೆಂದು ಪಾರ್ಸೆಲ್ ವಾಪಸು ಬಂತು. ವಿಳಾಸದ ಜೊತೆ ಬರೆದಿಟ್ಟುಕೊಂಡಿದ್ದ ನಂಬರೂ ಚಾಲ್ತಿಯಲ್ಲಿರಲಿಲ್ಲ. ಪುಡಿಯಾದ ರೊಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಗ ಹೇಮಾವತಿ ಬಂದಳು. ಕಂಪ್ಲಿಯ ಮಹಿಳಾ ಸಂಘಗಳ ಒಕ್ಕೂಟದಲ್ಲಿ ವ್ಯಾಪಾರದ ತರಬೇತಿ ಕೊಡುವವಳು, ಪಂಪಾವತಿಗೆ ಗೆಳತಿ.

"ಅಕ್ಕ, ನಿನ್ನ ಸೈಟ್ ತೆರೀವಲ್ದು ನೋಡು!" ಎಂದು ಫೋನು ಮುಂದೆ ಹಿಡಿದಳು. ರೊಟ್ಟಿಯೂ ಇಲ್ಲ, ಜಂಬವ್ವನ ಫೋಟೋವೂ ಇಲ್ಲ. ಬಿಳಿ ಪುಟ.

ಪಂಪಾವತಿ ಫೋನು ಕಿತ್ತುಕೊಂಡು ನೋಡಿದಳು. "ಅಯ್ಯೋ ಹೇಮಾ! ಆಕಿ ನೋಡಿರ್ತಾಳ. ಅಕ್ಕ ಬಾಗ್ಲಾ ಹಾಕ್ಯಾಳ ಅಂತ ತಿಳ್ಕಂಡಿರ್ತಾಳ!"

ಗೂಡ್ಸ್ ಆಟೊ ತೊಳೆಯುತ್ತಿದ್ದ ಗಂಡ ಎರ್ರೆಪ್ಪ ಅಲ್ಲಿಂದಲೇ ಕೂಗಿದ. "ಹೋದ್ರ ಹೋಗ್ಲಿ ಬಿಡ. ವಾಟ್ಸಾಪ್ ಐತಲ್ಲ? ರೊಟ್ಟಿ ಮಾರಾಕ ಇಂಟರ್ನೆಟ್ಟಿನಾಗ ಮಳಿಗಿ ಯಾಕ ಬೇಕು? ಅಷ್ಟ್ ಬೇಕಂದ್ರ ಹೊಸ ಹೆಸ್ರು ತಗಂಡ್ರಾತು."

"ನಿಮಗೇನ್ರಿ, ಹೊಸ ಹೆಸ್ರು ಅಂತೀರಿ! ಆಕಿಗೆ ಗೊತ್ತಿರಾದು ಅವ್ವನ ಹೆಸ್ರು ಒಂದ!" ಎಂದು ಪಂಪಾವತಿ ಅತ್ತೇಬಿಟ್ಟಳು.

"ಅಳಬ್ಯಾಡಕ್ಕ, ಸೈಟ್ ಮಾಡಿಕೊಟ್ಟಾರು ಯಾರು?" ಎಂದಳು ಹೇಮಾವತಿ.

ಮಾಡಿಕೊಟ್ಟವನು ತಿಪ್ಪೇಶ್, ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದವನು. ಸಿಮ್ ಹಾಕುವುದೂ ಅವನೇ, ಮೇಲ್ ಮಾಡುವುದೂ ಅವನೇ. ನಮ್ಮ ಕಡೆ ಯಾರು ಇದನ್ನೆಲ್ಲ ಕೇಳುತ್ತಾರೆ? ಫೋನು ಅವನ ಕೈಗೆ ಕೊಡುವುದು, "ಎಲ್ಲಾ ನೀನ ಹಾಕಿಕೊಡಪ್ಪ" ಎಂದು ಹೇಳಿ ಚಹಾ ಕುಡಿಯಲು ಹೋಗುವುದು. ಅಂಗಡಿ ಎತ್ತಿದ ಮೇಲೆ ತಿಪ್ಪೇಶ್ ಕುರೆಕುಪ್ಪದಲ್ಲಿ ಮನೆ ಮಾಡಿ ಕಾರ್ಖಾನೆ ಕೆಲಸಕ್ಕೆ ಸೇರಿದ್ದ. ಎರ್ರೆಪ್ಪ ಗೊಣಗುತ್ತಲೇ ಆಟೊ ತೆಗೆದ, ಮೂವರೂ ಹೋದರು.

"ಬರ್ರಿ ಅಕ್ಕಾರ, ಕುಂದ್ರಿ" ಎಂದ ತಿಪ್ಪೇಶ್ ವಿಷಯ ಕೇಳಿ ತಲೆ ಕೆರೆದುಕೊಂಡ. "ಎಲ್ಲಾರ್ದೂ ನನ್ನ ಅಂಗಡಿ ಮೇಲ್‌ನಾಗ, ನನ್ನ ನಂಬರ್‌ನಾಗ ಮಾಡೀನ್ರಿ. ಆ ಮೇಲ್ ನೋಡಿ ಎಷ್ಟ್ ದಿನಾತೋ. ಪಾಸ್‌ವರ್ಡ್ ನೆಪ್ಪಿಲ್ಲ. ಆ ಸಿಮ್ ಸಂಡೂರಿನಾಗ ನಮ್ಮವ್ವನ ಫೋನಿನಾಗ ಐತಿ."

ಹೊಸ ಪಾಸ್‌ವರ್ಡ್ ಕೇಳಿ ಅವ್ವನಿಗೆ ಫೋನು ಹಚ್ಚಿದರು. "ಯವ್ವಾ, ಒಂದ್ ಓಟಿಪಿ ಬಂದೈತಿ, ಹೇಳು."

"ಯಾಕ ಹೇಳ್ಲಿ? ಯಾರಿಗೂ ಹೇಳಬ್ಯಾಡಂತ ನನ್ನ ಮಗ ಹೇಳ್ಯಾನ."

"ನಾನ ಯವ್ವಾ ನಿನ್ನ ಮಗ!"

"ಎಲ್ಲಾ ಕಳ್ರೂ ಹಂಗ ಅಂತಾರ!" ಎಂದು ಫೋನು ಇಟ್ಟೇಬಿಟ್ಟಳು.

ಎರ್ರೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ವಿಡಿಯೊ ಕಾಲ್ ಮಾಡಿ ಮಗನ ಮುಖ ತೋರಿಸಿದ ಮೇಲೆ ಆಕೆ ನಂಬಿದಳು. ಅಷ್ಟರಲ್ಲಿ ಆ ಓಟಿಪಿಯ ಹೊತ್ತು ಮೀರಿ ಇನ್ನೊಂದು ತರಿಸಬೇಕಾಯಿತು. ಕೊನೆಗೆ ಮೇಲ್ ತೆರೆಯಿತು. 'ನಿಮ್ಮ ಹೆಸರಿನ ಅವಧಿ ಮುಗಿಯುತ್ತಿದೆ', 'ನಿಮ್ಮ ಹೋಸ್ಟಿಂಗ್ ನವೀಕರಿಸಿ' ಎಂಬ ಪತ್ರಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದನ್ನೂ ಯಾರೂ ಒಡೆದಿರಲಿಲ್ಲ.

"ಹೋಸ್ಟಿಂಗ್ ಅಂದ್ರೇನವಾ?" ಎಂದು ಎರ್ರೆಪ್ಪ ಹೇಮಾವತಿಯನ್ನು ಕೇಳಿದ. ಈಗ ಅವನ ದನಿ ಮೆತ್ತಗಾಗಿತ್ತು.

"ಹೆಸ್ರು ಅಂದ್ರ ಅಂಗಡಿ ಬೋರ್ಡ್ ಅಣ್ಣಾರ. ಹೋಸ್ಟಿಂಗ್ ಅಂದ್ರ ಒಳಗಿನ ಜಾಗ. ಅವ್ವನ ಫೋಟೋ, ರೇಟು, ಆರ್ಡರ್ ಬರೆಯೋ ಪುಟ ಇರಾದು ಅಲ್ಲೇ, ಕಂಪನಿಯವರ ಕಂಪ್ಯೂಟರಿನಾಗ. ಎರಡಕ್ಕೂ ಬ್ಯಾರೆ ಬ್ಯಾರೆ ಬಾಡಿಗಿ, ಬ್ಯಾರೆ ಬ್ಯಾರೆ ಗಡುವು. ಗಡುವು ದಾಟಿದ್ರೂ ಹೆಸ್ರನ್ನ ಸ್ವಲ್ಪ ದಿನ ಹಳೇ ಮಾಲಕರಿಗೆ ಹಿಡಿದಿಡ್ತಾರ. ಆಮ್ಯಾಲ ಯಾರ ಕೇಳಿದ್ರೂ ಕೊಡ್ತಾರ."

"ನಮ್ಮದು?" ಎಂದಳು ಪಂಪಾವತಿ, ಸೆರಗು ಬಾಯಿಗೆ ಒತ್ತಿಕೊಂಡು.

"ಇನ್ನಾ ಐತಕ್ಕ! ದಂಡ ಕಟ್ಟಬೇಕು. ಜಲ್ದಿ ಮಾಡಬೇಕು."

ಎರ್ರೆಪ್ಪ ಫೋನು ತೆಗೆದು ದುಡ್ಡು ಕಟ್ಟಿದ. ಹೆಸರು ಉಳಿಯಿತು. ಆದರೆ ಒಳಗಿದ್ದದ್ದನ್ನೆಲ್ಲ ಹೋಸ್ಟಿಂಗ್ ಕಂಪನಿ ಅಳಿಸಿ ಆಗಿತ್ತು, ನಕಲು ಯಾರ ಬಳಿಯೂ ಇರಲಿಲ್ಲ. ಒಲೆಯ ಮುಂದೆ ಜಂಬವ್ವ ರೊಟ್ಟಿ ಬಡಿಯುತ್ತ ನಗುತ್ತಿದ್ದ ಆ ಒಂದೇ ಫೋಟೋ ಮತ್ತೆ ಸಿಗಲಿಲ್ಲ.

ಹೊಸ ಹೋಸ್ಟಿಂಗ್ ತೆಗೆದುಕೊಳ್ಳುವಾಗ ಹೇಮಾವತಿ ಒಂದನ್ನೂ ಬಿಡಲಿಲ್ಲ. ಹೆಸರು, ಮೇಲ್, ನಂಬರ್ ಎಲ್ಲ ಪಂಪಾವತಿಯದೇ ಆದವು.

"ಮೊದಲ್ನೇ ವರ್ಷ ಅಗ್ಗ ಅಂತ ಕುಣಿಬ್ಯಾಡಕ್ಕ. ಎರಡನೇ ವರ್ಷ ಎಷ್ಟು ಅಂತ ಕೇಳು" ಎಂದಳು. "ವಾರಕ್ಕೊಮ್ಮೆ ತಾನಾಗೇ ಬ್ಯಾಕಪ್ ಆಗಬೇಕು. ಆ ನಕಲು ನಿನ್ನ ಪೆನ್‌ಡ್ರೈವ್‌ನಾಗೂ ಇರ್ಲಿ. ಸೈಟಿನ ವಿಳಾಸದ ಹತ್ರ ಬೀಗದ ಗುರುತು ಇರಬೇಕು, ಗಿರಾಕಿ ಬರೆದ ವಿವರ ದಾರ್ಯಾಗ ಯಾರೂ ಓದಬಾರ್ದು. ಹಬ್ಬಕ್ಕ ಮಂದಿ ಮುಗಿಬಿದ್ರೂ ಸೈಟ್ ಮಲಗಬಾರ್ದು. ಮಲಗಿದ್ರ ಫೋನ್ ಎತ್ತಾಕ ಅವರ ಕಡೆ ಮನುಷ್ಯಾರು ಇರಬೇಕು."

"ಇಷ್ಟೆಲ್ಲಾ ಹೆಣ್ಣು ಕೊಡಾಕೂ ನಾವು ಕೇಳಲ್ಲವಾ!" ಎಂದ ಎರ್ರೆಪ್ಪ. ಹೀಗೆಂದರೂ ಗಡುವಿನ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪಗೆ ಬರೆದವನೂ ಅವನೇ.

ಸೈಟು ಮತ್ತೆ ತೆರೆಯಿತು. ಹಂಪಿ ನೋಡಿಹೋದ ಯಾರೋ ಚಟ್ನಿಪುಡಿ ಕೇಳಿದರು, ಬೆಂಗಳೂರಿನ ಒಬ್ಬರು ಕಡಕ್ ರೊಟ್ಟಿ ಕೇಳಿದರು. ಫೋನು ಸದ್ದು ಮಾಡಿದಾಗಲೆಲ್ಲ ಪಂಪಾವತಿ ಹಿಟ್ಟಿನ ಕೈಯಲ್ಲೇ ಓಡುವಳು, ನೋಡಿ ಒಲೆಗೆ ವಾಪಸು ಬರುವಳು. ಶಿವರಾತ್ರಿ ಹೋಯಿತು. ತಂಗಿ ಆ ಹೆಸರು ಒತ್ತುವುದನ್ನೇ ಬಿಟ್ಟಿದ್ದರೆ? ಯಾರ ಮುಂದೂ ಆಡದಿದ್ದರೂ ಇದೊಂದೇ ಅವಳನ್ನು ಕೊರೆಯುತ್ತಿತ್ತು.

ಒಂದು ಮಧ್ಯಾಹ್ನ ಎರ್ರೆಪ್ಪನೇ ಫೋನು ಹಿಡಿದು ಒಳಗೆ ಬಂದ. "ಏ ಪಂಪಾ, ಇಲ್ಲಿ ನೋಡ."

'ಸಜ್ಜಿ ರೊಟ್ಟಿ. ಎಳ್ಳು ಎರಡೂ ಮಗ್ಗುಲಿಗೆ.'

ಪಂಪಾವತಿ ಹಿಟ್ಟಿನ ಬೆರಳಿನಿಂದಲೇ ಕೆಳಗೆ ಸರಿಸಿದಳು. ಈ ಸಲ ಹೆಸರಿನ ಜಾಗದಲ್ಲಿ 'ದೇವಿಕಾ' ಎಂದೇ ಇತ್ತು. ಪಾರ್ಸೆಲ್ಲಿನ ವಿಳಾಸ ಕೇಳುವ ಜಾಗದಲ್ಲಿ ಹೀಗೆ ಬರೆದಿತ್ತು: 'ಕಳಸಬ್ಯಾಡ ಅಕ್ಕ. ಬಂದು ತಗೋತೀನಿ.'

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದೂ ಒಂದು ಹೋಳಿಗೆ ಮನೆ, ಹೊಲಿಗೆ ಅಂಗಡಿ, ಬಾಳೆನಾರಿನ ಬುಟ್ಟಿಯ ವ್ಯಾಪಾರ ಇರಬಹುದು. ಅದರ ವೆಬ್‌ಸೈಟ್ ಯಾರ ಹೆಸರಿನಲ್ಲಿದೆ, ಗಡುವು ಯಾವತ್ತು, ನಕಲು ಎಲ್ಲಿದೆ, ಇವತ್ತೇ ಕೇಳಿ ತಿಳಿದುಕೊಳ್ಳಿ. ನಾಳೆ ನೋಡೋಣ ಎನ್ನಬೇಡಿ. ದೂರದ ಊರಿನಲ್ಲಿ ಯಾರೋ ನಿಮ್ಮ ಹೆಸರು ಒತ್ತಿ ಕಾಯುತ್ತಿರುತ್ತಾರೆ, ಅವರಿಗೆ ಬಾಗಿಲು ತೆರೆದಿರಲಿ.